ಪ್ರಾದೇಶಿಕ ಸೇನೆ: ನಮ್ಮೂರಿನವರು ತಿಳಿದಿರಬೇಕಾದದ್ದು

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸಭೆಯಲ್ಲಿ ನಿವೃತ್ತ ಹವಾಲ್ದಾರರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ಗೊಬ್ಬರ, ಬಿತ್ತನೆ ಬೀಜ, ಬೆಳೆ ಸಾಲ, ಪಡಿತರ ಇವುಗಳ ಮೂಲಕ ಈ ಸಂಘ ನಮ್ಮೆಲ್ಲರ ಮನೆ ಬಾಗಿಲಿಗೆ ಬಂದಿದೆ. ಅದರ ಬೆಳ್ಳಿಹಬ್ಬದಲ್ಲಿ ಮಾತಾಡಲು ನನ್ನನ್ನು ಕರೆದಿದ್ದೀರಿ, ಕೃತಜ್ಞತೆಗಳು. ಕಾರ್ಯದರ್ಶಿಗಳು ನನಗೆ ಕೊಟ್ಟ ವಿಷಯ "ದೇಶರಕ್ಷಣೆಯಲ್ಲಿ ಗ್ರಾಮೀಣ ಯುವಕರ ಪಾತ್ರ" ಅಂತ. ದೊಡ್ಡ ವಿಷಯ. ಅದರಲ್ಲಿ ಒಂದು ತುಣುಕನ್ನು ಮಾತ್ರ ತೆಗೆದುಕೊಳ್ಳುತ್ತೇನೆ. ಕಾರಣ ಇದೆ. ವರ್ಷಕ್ಕೆ ನಾಲ್ಕೈದು ಸಲವಾದರೂ ಯಾರಾದರೂ ತಂದೆತಾಯಿ ಮಗನನ್ನು ಕರೆದುಕೊಂಡು ನಮ್ಮ ಮನೆಗೆ ಬರ್ತಾರೆ. "ಹವಾಲ್ದಾರ್ರೇ, ಟಿ.ಎ. ಅಂತ ಒಂದು ಮಿಲಿಟರಿ ಇದೆಯಂತೆ, ಧೋನಿ ಇರೋದು. ಅದಕ್ಕೆ ನಮ್ಮ ಹುಡುಗನ್ನ ಸೇರಿಸಬೇಕು. ಎಷ್ಟು ಕೊಡಬೇಕಾಗುತ್ತೆ?" ಅಂತ ಕೇಳ್ತಾರೆ. ಈ ಒಂದು ಮಾತಿನಲ್ಲಿ ಸರಿ ಇರುವುದು ಧೋನಿಯ ವಿಚಾರ ಒಂದೇ. ಉಳಿದ ಎರಡೂ ತಪ್ಪು. ಅದು ಕೆಲಸ ಇಲ್ಲದವನಿಗೆ ಕೆಲಸ ಕೊಡುವ ಜಾಗವಲ್ಲ, ಅಲ್ಲಿಗೆ ಸೇರಲು ಒಂದು ಪೈಸೆಯನ್ನೂ ಯಾರಿಗೂ ಕೊಡಬೇಕಾಗಿಲ್ಲ. ಇದನ್ನು ಬಿಡಿಸಿ ಹೇಳುವುದೇ ಇವತ್ತಿನ ನನ್ನ ಕೆಲಸ.

ಟಿ.ಎ. ಅಂದರೆ ಟೆರಿಟೋರಿಯಲ್ ಆರ್ಮಿ. ಕನ್ನಡದಲ್ಲಿ ಪ್ರಾದೇಶಿಕ ಸೇನೆ ಅಂತಾರೆ. ನನ್ನಂಥವರು ಹದಿನೈದು ಹದಿನೇಳು ವರ್ಷ ಮನೆ ಬಿಟ್ಟು ಗಡಿಯಲ್ಲಿದ್ದು ಬಂದದ್ದು ಖಾಯಂ ಸೇನೆ. ಪ್ರಾದೇಶಿಕ ಸೇನೆ ಅದರ ಬೆನ್ನಿಗೆ ನಿಲ್ಲುವ ಮೀಸಲು ಪಡೆ. ಅದರಲ್ಲಿರುವವನು ಊರಲ್ಲಿ ರೈತನಾಗಿಯೋ, ಮೇಷ್ಟ್ರಾಗಿಯೋ, ಅಂಗಡಿಯವನಾಗಿಯೋ ಇರುತ್ತಾನೆ. ವರ್ಷದಲ್ಲಿ ಒಂದೋ ಎರಡೋ ತಿಂಗಳು ತರಬೇತಿಗೆ ಹೋಗಿ ಬರುತ್ತಾನೆ. ದೇಶಕ್ಕೆ ಅಗತ್ಯ ಬಿದ್ದಾಗ ಕರೆ ಬರುತ್ತದೆ, ಸಮವಸ್ತ್ರ ಹಾಕಿಕೊಂಡು ಹೊರಡುತ್ತಾನೆ. ಕೆಲಸ ಮುಗಿದ ಮೇಲೆ ಮತ್ತೆ ತನ್ನ ಹೊಲಕ್ಕೆ, ತನ್ನ ಅಂಗಡಿಗೆ.

ಇದು ನಮ್ಮ ಕಡೆಯವರಿಗೆ ಹೊಸ ಸಂಗತಿ ಅಂತ ನನಗೆ ಅನ್ನಿಸುವುದಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಪಕ್ಕ ಒಂದು ಕಂಬ ಇದೆ, ನೋಡಿದ್ದೀರಿ. ಎರಡನೇ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಸ್ಮಾರಕ ಅದು. ಆತ ರಾಜನ ಗರುಡ. ಗರುಡರು ಅಂದರೆ ರಾಜನ ಜೊತೆಗೇ ಪ್ರಾಣ ಬಿಡುತ್ತೇವೆ ಅಂತ ಪ್ರತಿಜ್ಞೆ ಮಾಡಿದವರು. ತಮ್ಮ ಕತ್ತನ್ನು ತಾವೇ ಕತ್ತರಿಸಿಕೊಳ್ಳುವ ವೀರರನ್ನು ಆ ಕಂಬದ ಮೇಲೆ ಕೆತ್ತಿದ್ದಾರೆ. ಪ್ರವಾಸಿಗಳು ಬಂದರೆ ಗೈಡುಗಳು ಅಲ್ಲಿ ನಿಲ್ಲಿಸಿ ವಿವರವಾಗಿ ಹೇಳುತ್ತಾರೆ. ಬೇಲೂರು, ಹಳೇಬೀಡಿನ ದೇವಾಲಯಗಳು ೨೦೨೩ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಸಂತೋಷ.

ಆದರೆ ನಮ್ಮ ಕೆರೆ ಏರಿಗಳ ಮೇಲೆ, ಊರ ಬಾಗಿಲಲ್ಲಿ, ಹಾಳು ಗುಡಿಗಳ ಪಕ್ಕದಲ್ಲಿ ನಿಂತಿರುವ ವೀರಗಲ್ಲುಗಳ ಹತ್ತಿರ ಯಾವ ಗೈಡೂ ನಿಲ್ಲಿಸುವುದಿಲ್ಲ. ಕೆಲವು ಕಡೆ ಅದರ ಮೇಲೆ ಬಟ್ಟೆ ಒಗೀತಾರೆ, ಕೆಲವು ಕಡೆ ಎಮ್ಮೆ ಕಟ್ತಾರೆ. ಒಂದು ಸಲ ನಿಂತು ನೋಡಿ. ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲೆ ಅವನು ಶಿವಲಿಂಗದ ಮುಂದೆ ಕುಳಿತಿರುವುದು. ಈ ಕಲ್ಲುಗಳಲ್ಲಿ ಬಹಳಷ್ಟರಲ್ಲಿ ಇರುವವನು ದಂಡನಾಯಕನಲ್ಲ. ಊರಿನ ದನಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ, ಅದನ್ನು ಶಾಸನದಲ್ಲಿ ತುರುಗೋಳು ಅಂತಾರೆ, ಊರ ಮೇಲೆ ದಾಳಿಯಾದಾಗ, ಹೆಣ್ಣುಮಕ್ಕಳ ಮಾನಕ್ಕೆ ಅಪಾಯ ಬಂದಾಗ, ಕೈಯಲ್ಲಿದ್ದ ಕೆಲಸ ಬಿಟ್ಟು ಆಯುಧ ಹಿಡಿದು ಓಡಿದವನು. ಬದುಕಿ ಬಂದಿದ್ದರೆ ಮಾರನೇ ದಿನ ನೇಗಿಲು ಹಿಡಿಯುತ್ತಿದ್ದ. ಗರುಡನನ್ನು ಖಾಯಂ ಸೇನೆ ಅನ್ನಬಹುದಾದರೆ ಈ ವೀರಗಲ್ಲಿನವನನ್ನು ಪ್ರಾದೇಶಿಕ ಸೇನೆ ಅನ್ನಬೇಕು.

ಇನ್ನೂ ಒಂದು ಮಾತು. ಹಾಗೆ ಸತ್ತವನ ಮನೆಯವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ನೆತ್ತರುಗೊಡಗೆ ಅಂತ ಅದರ ಹೆಸರು. ಹೋರಾಡುವುದು ಒಬ್ಬನ ಪಾಲಾದರೆ ಅವನ ಮನೆ ನೋಡಿಕೊಳ್ಳುವುದು ಉಳಿದವರ ಪಾಲು ಅನ್ನುವ ತಿಳಿವಳಿಕೆ ಆಗಲೇ ಇತ್ತು. ಈ ಮಾತಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ಅದು ನಮ್ಮ ಸೊಸೈಟಿಗೆ ಸಂಬಂಧಪಟ್ಟದ್ದು.

ಈಗಿನ ಸೇನೆಯ ಚರಿತ್ರೆಯನ್ನು ಬೇಗ ಹೇಳಿಬಿಡುತ್ತೇನೆ. ಬ್ರಿಟಿಷರ ಕಾಲದಲ್ಲಿ ೧೯೨೦ರಲ್ಲೇ ಇಂಥದ್ದೊಂದು ಪಡೆ ಇತ್ತು. ಸ್ವಾತಂತ್ರ್ಯ ಬಂದ ಮೇಲೆ ೧೯೪೮ರಲ್ಲಿ ಪ್ರಾದೇಶಿಕ ಸೇನಾ ಕಾಯ್ದೆ ಆಯಿತು. ೧೯೪೯ರ ಅಕ್ಟೋಬರ್ ೯ರಂದು ಗವರ್ನರ್ ಜನರಲ್ ರಾಜಾಜಿಯವರು ಅದನ್ನು ಉದ್ಘಾಟಿಸಿದರು. ನಮ್ಮ ಪಕ್ಕದ ಕೊಡಗಿನ ಕಾರ್ಯಪ್ಪನವರು ಭಾರತದ ಸೇನೆಗೆ ಮೊದಲ ಭಾರತೀಯ ಮಹಾದಂಡನಾಯಕರಾದದ್ದೂ ಅದೇ ವರ್ಷ ಜನವರಿಯಲ್ಲಿ. ಅಂದಿನಿಂದ ಅಕ್ಟೋಬರ್ ೯ ಪ್ರಾದೇಶಿಕ ಸೇನೆಯ ದಿನ. ೧೯೬೨, ೧೯೬೫, ೧೯೭೧ರ ಯುದ್ಧಗಳಲ್ಲಿ ಈ ಪಡೆಗಳು ದುಡಿದಿವೆ. ಶ್ರೀಲಂಕಾಕ್ಕೆ ನಮ್ಮ ಸೇನೆ ಹೋದಾಗಲೂ ಹೋಗಿವೆ. ಕಾಶ್ಮೀರದಲ್ಲಿ, ಈಶಾನ್ಯ ರಾಜ್ಯಗಳಲ್ಲಿ ದುಡಿಯುತ್ತಾ ಬಂದಿವೆ. "ಸಾವಧಾನಿ ವ ಶೂರತಾ" ಅಂತ ಅವರ ಧ್ಯೇಯವಾಕ್ಯ. ಎಚ್ಚರಿಕೆ ಮತ್ತು ಶೌರ್ಯ.

ನಮ್ಮ ಬೆಂಗಳೂರಿನಲ್ಲೇ ೧೦೬ನೇ ಪದಾತಿ ಬಟಾಲಿಯನ್ ಇದೆ. ಪ್ಯಾರಾಷೂಟ್ ರೆಜಿಮೆಂಟಿಗೆ ಸೇರಿದ್ದು. ಧೋನಿಯವರಿಗೆ ೨೦೧೧ರಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟದ್ದು, ೨೦೧೯ರಲ್ಲಿ ಅವರು ಕಾಶ್ಮೀರಕ್ಕೆ ಹೋಗಿ ಹದಿನೈದು ದಿನ ಜವಾನರ ಜೊತೆ ಕರ್ತವ್ಯ ಮಾಡಿದ್ದು ಈ ಬಟಾಲಿಯನ್ನಿನ ಜೊತೆಗೇ. ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿಗೆ ಸೇರಿದ ೧೧೫ನೇ ಬಟಾಲಿಯನ್ ಇದೆ. ಹುಡುಗರು ಧೋನಿಯ ಫೋಟೋ ನೋಡಿ ಆಸೆಪಡುವುದು ತಪ್ಪಲ್ಲ. ಆದರೆ ಗೌರವ ಪದವಿಯೇ ಬೇರೆ, ಸಾಲಿನಲ್ಲಿ ನಿಂತು ಭರ್ತಿಯಾಗುವುದೇ ಬೇರೆ.

ಅರಸೀಕೆರೆ ಜಂಕ್ಷನ್ನಿನ ರೈಲ್ವೆಯವರಿಗೆ ಇನ್ನೊಂದು ನೆನಪಿರಬಹುದು. ರೈಲ್ವೆ ನೌಕರರದೇ ಟಿ.ಎ. ರೆಜಿಮೆಂಟುಗಳಿದ್ದವು. ಯುದ್ಧಕಾಲದಲ್ಲಿ ಗಡಿಯ ಕಡೆಗೆ ರೈಲು ನಿಲ್ಲಬಾರದಲ್ಲ, ಅದಕ್ಕೆ. ಈಚೆಗೆ ಅವುಗಳಲ್ಲಿ ಹೆಚ್ಚಿನವನ್ನು ವಿಸರ್ಜಿಸುವ ತೀರ್ಮಾನವಾಯಿತು. ತೈಲ ಕಂಪನಿಗಳ ನೌಕರರ ಘಟಕಗಳೂ ಇವೆ.

ನನಗೆ ಬಹಳ ಇಷ್ಟವಾದದ್ದು ಪರಿಸರ ಬಟಾಲಿಯನ್. ಮಸ್ಸೂರಿಯ ಬೆಟ್ಟಗಳಲ್ಲಿ ಸುಣ್ಣದ ಕಲ್ಲಿನ ಗಣಿಗಾರಿಕೆ ನಡೆದು ಬೆಟ್ಟವೆಲ್ಲಾ ಬೋಳಾಗಿತ್ತು. ೧೯೮೨ರಲ್ಲಿ ಗಢವಾಲ್ ರೈಫಲ್ಸ್‌ನ ಮಾಜಿ ಸೈನಿಕರನ್ನೇ ಸೇರಿಸಿ ೧೨೭ನೇ ಬಟಾಲಿಯನ್ ಕಟ್ಟಿದರು. ಅವರ ಕೈಗೆ ಸಸಿ, ಗುದ್ದಲಿ ಕೊಟ್ಟರು. ಆ ಬೆಟ್ಟಗಳು ಮತ್ತೆ ಹಸಿರಾದವು. ಆಮೇಲೆ ರಾಜಸ್ಥಾನದ ಮರಳುಗಾಡಿನ ಕಾಲುವೆ ಬದಿಯಲ್ಲಿ ಇಂಥದೇ ಬಟಾಲಿಯನ್ ಬಂತು. ೨೦೧೭ರಲ್ಲಿ ಮಹಾರಾಷ್ಟ್ರದ ಬರಪೀಡಿತ ಮರಾಠವಾಡಾಕ್ಕೂ ಒಂದು ಬಂತು. ಯಗಚಿ ನೀರು ಕಂಡ ಬೇಲೂರಿನವರಿಗೆ ನನ್ನ ಮಾತು ಅಷ್ಟಾಗಿ ತಟ್ಟದೆ ಇರಬಹುದು, ಅರಸೀಕೆರೆ ಕಡೆಯವರಿಗೆ ತಟ್ಟುತ್ತೆ. ಹೂಳು ತುಂಬಿದ ಕೆರೆಗಳು, ನೀರಿಲ್ಲದೆ ಸುಳಿ ಒಣಗಿದ ತೆಂಗಿನ ತೋಟಗಳು, ನಿವೃತ್ತರಾಗಿ ಬಂದು ಕೈಕಾಲು ಗಟ್ಟಿಯಿದ್ದೂ ಸುಮ್ಮನೆ ಕೂತಿರುವ ಮಾಜಿ ಸೈನಿಕರು, ಮೂರೂ ನಮ್ಮಲ್ಲೇ ಇವೆ. ಇಂಥ ಬಟಾಲಿಯನ್ ಒಂದು ನಮ್ಮ ಬಯಲುಸೀಮೆಗೆ ಬೇಕು ಅಂತ ಶಾಸಕರನ್ನು, ಸಂಸದರನ್ನು ಕೇಳಲು ಅಡ್ಡಿ ಏನು? ಖರ್ಚಿನ ಮಾತು ಬರುತ್ತೆ, ಬರಲಿ. ಕೇಳದೆ ಯಾರೂ ಕೊಡುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಯುವಕರು ಸ್ವಲ್ಪ ಮುಂದೆ ಬನ್ನಿ.

೨೦೨೪ರ ನವೆಂಬರಿನಲ್ಲಿ ಬೆಳಗಾವಿಯಲ್ಲಿ ಟಿ.ಎ. ಭರ್ತಿ ನಡೆದಾಗ ಸಾವಿರಾರು ಹುಡುಗರು ಬಂದು ಸೇರಿದರು. ಅಲ್ಲಿಗೆ ಬಂದವರಲ್ಲಿ ಎಷ್ಟೋ ಜನರಿಗೆ ಇದು ಸರ್ಕಾರಿ ನೌಕರಿ ಅನ್ನುವ ಭಾವನೆ. ಪ್ರಾದೇಶಿಕ ಸೇನೆಯವರೇ ಸ್ಪಷ್ಟವಾಗಿ ಹೇಳುತ್ತಾರೆ: ಇದು ವೃತ್ತಿಯಲ್ಲ, ಜೀವನೋಪಾಯದ ದಾರಿಯಲ್ಲ, ಬೇರೆ ದುಡಿಮೆ ಇರುವವನಿಗೆ ಮಾತ್ರ ಅಂತ. ಹಾಗಾದರೆ ರೈತನ ಮಗ ಸೇರುವ ಹಾಗಿಲ್ಲವೇ? ಖಂಡಿತ ಸೇರಬಹುದು. ಸ್ವಂತ ಹೊಲದಲ್ಲಿ ದುಡಿಯುವುದೂ ದುಡಿಮೆಯೇ. ಎರಡು ಎಕರೆ ತೆಂಗು, ಎರಡು ಎಕರೆ ರಾಗಿ, ಎರಡು ಹಸು ಇಟ್ಟುಕೊಂಡು ಡೈರಿಗೆ ಹಾಲು ಹಾಕುವವನು ಈ ಸೇನೆಗೆ ಸರಿಯಾದ ಮನುಷ್ಯ. ಏನೂ ಮಾಡದೆ ಬಸ್‌ಸ್ಟ್ಯಾಂಡಿನಲ್ಲಿ ಕೂತು "ಟಿ.ಎ. ಆದರೆ ಬದುಕು ಸೆಟ್ಲು" ಅನ್ನುವವನು ಅಲ್ಲ.

ವಯಸ್ಸು ಹದಿನೆಂಟರಿಂದ ನಲವತ್ತೆರಡು. ಖಾಯಂ ಸೇನೆಗೆ ವಯಸ್ಸು ಮೀರಿದವನಿಗೂ ಇಲ್ಲಿ ಅವಕಾಶ ಇದೆ. ಸಾಮಾನ್ಯ ಜವಾನ ಹುದ್ದೆಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅಧಿಕಾರಿಯಾಗಲು ಪದವಿ ಬೇಕು, ಲಿಖಿತ ಪರೀಕ್ಷೆ, ಸಂದರ್ಶನ ಎಲ್ಲಾ ಇರುತ್ತೆ. ಜವಾನರಿಗೆ ೧.೬ ಕಿಲೋಮೀಟರ್ ಓಟ, ಕಂಬಿ ಹಿಡಿದು ಮೈ ಎತ್ತುವುದು, ಒಂಬತ್ತು ಅಡಿ ಹಳ್ಳ ಹಾರುವುದು, ವೈದ್ಯಕೀಯ ಪರೀಕ್ಷೆ. ಹೆಣ್ಣುಮಕ್ಕಳಿಗೆ ಮೊದಲು ಈ ಬಾಗಿಲು ಹೆಚ್ಚುಕಡಿಮೆ ಮುಚ್ಚಿಯೇ ಇತ್ತು. ೨೦೧೮ರಲ್ಲಿ ದೆಹಲಿ ಉಚ್ಚ ನ್ಯಾಯಾಲಯದ ತೀರ್ಪು ಬಂದ ಮೇಲೆ ಅಧಿಕಾರಿ ಹುದ್ದೆಗೆ ಅವರೂ ಅರ್ಜಿ ಹಾಕುತ್ತಿದ್ದಾರೆ. ಪದವಿ ಓದಿದ ಹೆಣ್ಣುಮಕ್ಕಳಿಗೆ ಯಾರಾದರೂ ಈ ಮಾತು ಮುಟ್ಟಿಸಿ.

ಸಂಬಳದ ವಿಚಾರ. ತರಬೇತಿಯಲ್ಲಿರುವಷ್ಟು ದಿನ, ಕರೆ ಬಂದು ಸೇವೆಯಲ್ಲಿರುವಷ್ಟು ದಿನ, ಖಾಯಂ ಸೇನೆಯವರಿಗೆ ಏನು ಸಂಬಳ, ರೇಷನ್, ವೈದ್ಯಕೀಯ ಸೌಲಭ್ಯ ಇದೆಯೋ ಅದೇ ಇವರಿಗೂ. ಊರಿಗೆ ಬಂದ ಮೇಲೆ ಸಂಬಳ ನಿಲ್ಲುತ್ತದೆ. ಪಿಂಚಣಿ ಎಲ್ಲರಿಗೂ ಬರುವುದಿಲ್ಲ. ಸೇವೆಯಲ್ಲಿ ನಿಜವಾಗಿ ಇದ್ದ ದಿನಗಳನ್ನೆಲ್ಲಾ ಕೂಡಿದರೆ ಜವಾನನಿಗೆ ಹದಿನೈದು ವರ್ಷ ಆಗಿರಬೇಕು, ಆಗ ಮಾತ್ರ. ಮದುವೆ ಮಾತುಕತೆಯಲ್ಲಿ "ಹುಡುಗ ಮಿಲಿಟರಿಯಲ್ಲಿದ್ದಾನೆ, ಪೆನ್ಷನ್ ಬರುತ್ತೆ" ಅಂತ ಹೇಳುವವರು ಇದನ್ನೂ ಸೇರಿಸಿ ಹೇಳಬೇಕು. ಹೆಣ್ಣಿನ ಕಡೆಯವರಿಗೆ ಆಮೇಲೆ ಗೊತ್ತಾಗುವುದಕ್ಕಿಂತ ಮೊದಲೇ ಗೊತ್ತಾಗುವುದು ಒಳ್ಳೆಯದು.

ವರ್ಷಕ್ಕೆ ಎರಡೇ ತಿಂಗಳು ಅನ್ನುವುದು ಶಾಂತಿಕಾಲದ ಲೆಕ್ಕ. ಕರೆ ಬಂದರೆ ಎರಡು ವರ್ಷವೂ ಆಗಬಹುದು, ಮೂರು ವರ್ಷವೂ ಆಗಬಹುದು. ೨೦೨೫ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ್ ನಡೆದ ದಿನಗಳಲ್ಲಿ ಪ್ರಾದೇಶಿಕ ಸೇನೆಯ ಯಾವುದೇ ಅಧಿಕಾರಿಯನ್ನು, ಜವಾನನನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಇದ್ದ ೩೨ ಪದಾತಿ ಬಟಾಲಿಯನ್‌ಗಳಲ್ಲಿ ೧೪ನ್ನು ಸೇವೆಗೆ ತರುವ ಆದೇಶ ಅದು. ಆ ಆದೇಶದ ಅವಧಿ ೨೦೨೮ರ ಫೆಬ್ರುವರಿವರೆಗೆ. ಟಿ.ವಿ.ಯಲ್ಲಿ ಯುದ್ಧ ನೋಡುತ್ತಾ ನಾವು ಚಪ್ಪಾಳೆ ತಟ್ಟುತ್ತಿದ್ದಾಗ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಕಟ್ಟುತ್ತಿದ್ದರು. ಸೇರುವವನು, ಅವನಿಗಿಂತ ಹೆಚ್ಚಾಗಿ ಅವನ ಹೆಂಡತಿ, ತಾಯಿ ಇದನ್ನು ತಿಳಿದು ಒಪ್ಪಿರಬೇಕು.

ದುಡ್ಡಿನ ಮಾತು. "ನನಗೆ ಮೇಲಿನವರ ಪರಿಚಯ ಇದೆ, ಇಷ್ಟು ಲಕ್ಷ ಕೊಡಿ, ಮೆಡಿಕಲ್ಲು ನಾನು ನೋಡ್ಕೋತೀನಿ" ಅನ್ನುವವರು ಪ್ರತಿ ಭರ್ತಿಯ ಹಿಂದೆಯೂ ಇರುತ್ತಾರೆ. ಇವರ ಉಪಾಯ ಬಹಳ ಸುಲಭ. ಹತ್ತು ಜನರ ಹತ್ತಿರ ದುಡ್ಡು ಇಸ್ಕೊಳ್ತಾರೆ. ಇಬ್ಬರು ತಮ್ಮ ಕಾಲಬಲದಿಂದ ತಾವೇ ಪಾಸಾಗಿರ್ತಾರೆ, ಆ ದುಡ್ಡು ಇವರ ಜೇಬಿಗೆ. ಉಳಿದ ಎಂಟು ಜನ ಅಲೆದಾಡಿ ಸುಸ್ತಾಗ್ತಾರೆ. ಕೊಟ್ಟದ್ದಕ್ಕೆ ರಸೀತಿ ಇಲ್ಲ, ಕೇಳೋಕೆ ಬಾಯಿಲ್ಲ, ಲಂಚ ಕೊಟ್ಟವನೂ ತಪ್ಪಿತಸ್ಥನೇ ಅಲ್ಲವೇ. ನನ್ನನ್ನು ಕೇಳಿದರೆ, ಮಗನನ್ನು ಸೇನೆಗೆ ಸೇರಿಸಲು ಒಡವೆ ಅಡವಿಡುತ್ತೇನೆ ಅಂತ ಯಾರಾದರೂ ಸೊಸೈಟಿಗೆ ಬಂದರೆ ಕಾರ್ಯದರ್ಶಿಗಳು ಅವರನ್ನು ಅಲ್ಲೇ ಕೂರಿಸಿ ಎರಡು ಮಾತು ಕೇಳಬೇಕು. ಸಾಲ ಕೊಡುವವನ ಹಕ್ಕು ಅದು.

ಗೃಹರಕ್ಷಕ ದಳವನ್ನು ಕೆಲವರು ಇದರ ಜೊತೆ ಸೇರಿಸಿ ಮಾತಾಡುತ್ತಾರೆ. ಅದು ಬೇರೆ, ರಾಜ್ಯ ಸರ್ಕಾರದ್ದು, ಪೊಲೀಸರ ನೆರವಿಗೆ. ಜಾತ್ರೆ, ಚುನಾವಣೆಗಳಲ್ಲಿ ನೋಡುತ್ತೀರಿ. ಅದೂ ಒಳ್ಳೆಯ ಸೇವೆಯೇ. ಇನ್ನು ೨೦೨೨ರ ಅಗ್ನಿಪಥ ಯೋಜನೆಯಲ್ಲಿ ಸೇರಿದವರದು ನಾಲ್ಕು ವರ್ಷದ ಸೇವೆ. ಅವರಲ್ಲಿ ಕಾಲು ಭಾಗದವರಿಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರು ಇಪ್ಪತ್ತೈದು ತುಂಬುವ ಹೊತ್ತಿಗೆಲ್ಲಾ ಊರಿಗೆ ವಾಪಸ್ಸು. ಆ ಹುಡುಗರನ್ನು ಊರು ಹೇಗೆ ಬಳಸಿಕೊಳ್ಳುತ್ತೆ ಅನ್ನುವುದು ಬೇರೆಯೇ ಚರ್ಚೆ, ಇನ್ನೊಂದು ದಿನ ಮಾಡೋಣ.

ಈಗ ಸಂಘದ ವಿಚಾರ. ನೆತ್ತರುಗೊಡಗೆಯ ಮಾತಿಗೆ ಮತ್ತೆ ಬರುತ್ತೇನೆ ಅಂದಿದ್ದೆ.

ನಮ್ಮ ಸದಸ್ಯನೊಬ್ಬ ಟಿ.ಎ. ಜವಾನ ಅಂತ ಇಟ್ಟುಕೊಳ್ಳಿ. ಮುಂಗಾರಿಗೆ ಬೆಳೆ ಸಾಲ ತೆಗೆದಿದ್ದಾನೆ. ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲ. ಗಡುವು ಒಂದು ದಿನ ದಾಟಿದರೂ ಆ ಸವಲತ್ತು ಹೋಯಿತು, ಸುಸ್ತಿದಾರರ ಪಟ್ಟಿಗೆ ಹೆಸರು ಬಂತು. ಇವನಿಗೆ ನಡುವೆ ಕರೆ ಬಂದು ಹೊರಟುಹೋಗಿದ್ದಾನೆ. ಅವನಿರುವ ಜಾಗದಲ್ಲಿ ಫೋನು ಸಿಗುವುದಿಲ್ಲ. ಮನೆಯಲ್ಲಿ ವಯಸ್ಸಾದ ತಂದೆ, ಅವರಿಗೆ ಗಡುವಿನ ತಾರೀಖು ಗೊತ್ತಿಲ್ಲ. ದೇಶ ಕಾಯುವವನ ಹೆಸರು ಸೊಸೈಟಿ ಗೋಡೆಯ ಮೇಲೆ ಸುಸ್ತಿದಾರ ಅಂತ ಬರೆದಿರುತ್ತೆ. ಇದು ಆಗಬಾರದು. ಕಾಯ್ದೆ ಬದಲಾಯಿಸುವುದು ನಮ್ಮ ಕೈಯಲ್ಲಿಲ್ಲ. ಆದರೆ ಇಂಥ ಸದಸ್ಯರ ಒಂದು ಪಟ್ಟಿಯನ್ನು ಕಾರ್ಯದರ್ಶಿಗಳ ಮೇಜಿನ ಮೇಲೆ ಇಟ್ಟುಕೊಳ್ಳುವುದು, ಗಡುವಿಗೆ ಎರಡು ತಿಂಗಳ ಮುಂಚೆ ಮನೆಗೆ ಹೇಳಿ ಕಳಿಸುವುದು, ಹೊರಡುವ ಮೊದಲೇ ಮನೆಯವರೊಬ್ಬರ ಹೆಸರಿಗೆ ಅಧಿಕಾರ ಪತ್ರ ಬರೆಸಿಕೊಳ್ಳುವುದು, ಸಂಬಳ ಬರುವ ಖಾತೆಯಿಂದ ಸಾಲದ ಕಂತು ತಾನಾಗಿ ಬರುವ ಹಾಗೆ ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನ ಜೊತೆ ಮಾತಾಡುವುದು, ಇಷ್ಟು ನಮ್ಮ ಕೈಯಲ್ಲೇ ಇದೆ. ಆಡಳಿತ ಮಂಡಳಿಯವರು ಒಂದು ನಿರ್ಣಯ ಮಾಡಿದರೆ ಸಾಕು.

ಸಂಘದ ನೌಕರನೇ ಟಿ.ಎ.ಗೆ ಸೇರಿದರೆ? ಕರೆ ಬಂದು ಹೋದವನನ್ನು ವಾಪಸ್ಸು ಬಂದ ಮೇಲೆ ಅದೇ ಕೆಲಸಕ್ಕೆ ತೆಗೆದುಕೊಳ್ಳಬೇಕು ಅಂತ ಪ್ರಾದೇಶಿಕ ಸೇನಾ ಕಾಯ್ದೆಯಲ್ಲೇ ಇದೆ. ಅಂಗಡಿ, ಮಿಲ್ಲು, ಖಾಸಗಿ ಶಾಲೆ ನಡೆಸುವವರೂ ಇಲ್ಲಿದ್ದೀರಿ. ದಯವಿಟ್ಟು ಗಮನಿಸಿ. "ನೀನು ಆಗಾಗ ಹೋಗೋದಾದ್ರೆ ನಮಗೆ ಬೇಡಪ್ಪ" ಅಂದುಬಿಟ್ಟರೆ ಈ ಸೇನೆಗೆ ಯಾರು ಸೇರುತ್ತಾರೆ? ಅಮೆರಿಕದ ನ್ಯಾಷನಲ್ ಗಾರ್ಡಿನವರು ತಿಂಗಳಿಗೊಂದು ಶನಿವಾರ ಭಾನುವಾರ, ವರ್ಷಕ್ಕೆ ಎರಡು ವಾರ ತರಬೇತಿ ಮಾಡುತ್ತಾರೆ. ಬ್ರಿಟನ್ನಿನಲ್ಲಿ ವರ್ಷಕ್ಕೊಂದು ದಿನ ಮೀಸಲು ಸೈನಿಕರು ತಮ್ಮ ತಮ್ಮ ಕಚೇರಿಗೆ ಸಮವಸ್ತ್ರದಲ್ಲೇ ಹೋಗುತ್ತಾರೆ. ಪಕ್ಕದ ಮೇಜಿನವನು ಸೈನಿಕ ಅಂತ ಜನಕ್ಕೆ ಗೊತ್ತಾಗಲಿ ಅಂತ. ನಮ್ಮಲ್ಲಿ ಪಕ್ಕದ ಮನೆಯವನು ಟಿ.ಎ.ಯಲ್ಲಿದ್ದಾನೆ ಅನ್ನುವುದು ಎಷ್ಟೋ ಸಲ ಬೀದಿಗೇ ಗೊತ್ತಿರುವುದಿಲ್ಲ.

ಹೊಲದ ಕೆಲಸ. ನಮ್ಮ ಹಿರಿಯರಲ್ಲಿ ಮುಯ್ಯಾಳು ಅಂತ ಪದ್ಧತಿ ಇತ್ತು, ಈಗಲೂ ಅಲ್ಲಲ್ಲಿ ಇದೆ. ಇವತ್ತು ನಿಮ್ಮ ಹೊಲಕ್ಕೆ ನಾನು, ನಾಳೆ ನಮ್ಮ ಹೊಲಕ್ಕೆ ನೀವು. ರಾಗಿ ಕೊಯ್ಲಿನ ಹೊತ್ತಿಗೋ, ತೆಂಗಿನಕಾಯಿ ಕೀಳುವ ಹೊತ್ತಿಗೋ ಒಬ್ಬನಿಗೆ ಕರೆ ಬಂದರೆ ಅವನ ಪಾಲಿನ ಮುಯ್ಯಾಳು ಊರೇ ಕೊಡಲಿ. ಅವನು ಅದನ್ನು ಗಡಿಯಲ್ಲಿ ತೀರಿಸುತ್ತಿರುತ್ತಾನೆ.

ಸೇರಬೇಕು ಅನ್ನುವ ಯುವಕರಿಗೆ ಕೊನೆಯದಾಗಿ ಎರಡು ಮಾತು. ಭರ್ತಿಯ ಪ್ರಕಟಣೆ ಪತ್ರಿಕೆಗಳಲ್ಲಿ, ಪ್ರಾದೇಶಿಕ ಸೇನೆಯ ಅಧಿಕೃತ ಜಾಲತಾಣದಲ್ಲಿ ಬರುತ್ತದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲೂ ವಿಚಾರಿಸಬಹುದು. ಪ್ರಕಟಣೆ ಬಂದಾಗ ಅದರ ಪ್ರತಿಯನ್ನು ಸಂಘದ ಸೂಚನಾ ಫಲಕಕ್ಕೆ ಹಾಕುವ ಜವಾಬ್ದಾರಿ ನನ್ನದು. ಅಂಕಪಟ್ಟಿ, ವಾಸಸ್ಥಳ ಪತ್ರ, ನಡತೆ ಪತ್ರ, ಪಹಣಿ ಇವನ್ನೆಲ್ಲಾ ಈಗಲೇ ಹೊಂದಿಸಿ ಒಂದು ಫೈಲಿನಲ್ಲಿಡಿ. ಹೆಸರು ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದ್ದರೆ ಮೊದಲೇ ಸರಿಮಾಡಿಸಿ, ಓಟದಲ್ಲಿ ಪಾಸಾಗಿ ಕಾಗದದಲ್ಲಿ ಫೇಲಾಗಬೇಡಿ. ಓಟದ ಅಭ್ಯಾಸ ಬೇಕಾದವರು ನಾಳೆಯಿಂದ ಬೆಳಿಗ್ಗೆ ಐದೂವರೆಗೆ ಕೆರೆ ಏರಿ ಹತ್ತಿರ ಬನ್ನಿ, ನಾನು ಇರುತ್ತೇನೆ. ಮಂಡಿ ನೋವಿರುವುದರಿಂದ ಜೊತೆಗೆ ಓಡುವುದಿಲ್ಲ, ಗಡಿಯಾರ ಹಿಡಿದು ನಿಲ್ಲುತ್ತೇನೆ.